ಬಾಣದ ಮೊನೆ ಕೊಡುವ ಮೊದಲು

ಬಹರೈನಿನ ಮುಹರ್ರಕ್ ಊರಿನ ಬೇಟೆ ಸಾಮಾನಿನ ಅಂಗಡಿಯಲ್ಲಿ ನನಗೆ ಕೆಲಸ ಕಲಿಸಿದವರು ಉಡುಪಿ ಕಡೆಯ ಒಬ್ಬ ಹಿರಿಯ ಸೇಲ್ಸ್‌ಮನ್. ಜಿಂಕೆ ಬೇಟೆಗೆ ಹೊರದೇಶಕ್ಕೆ ಹೊರಟವರು ಬಾಣದ ಮೊನೆ ಕೇಳಿದರೆ, "ಮೊದಲು ಬಿಲ್ಲು ಎಳೆದು ತೋರಿಸಿ," ಎನ್ನುತ್ತಿದ್ದರು. ಕೈ ನಡುಗಿದರೆ ಅಲುಗು ಗಟ್ಟಿಯಾಗಿ ಕೂತ ಮೊನೆಯನ್ನೇ ಕೊಡುತ್ತಿದ್ದರು. ತಾಗಿದ ಮೇಲೆ ಅಲುಗು ಬಿಚ್ಚಿಕೊಳ್ಳುವ ಮೊನೆಗೆ ಬಿಲ್ಲಿನ ಜೋರು ಬೇಕು, ಇಲ್ಲದಿದ್ದರೆ ಬಾಣ ಆಳಕ್ಕೆ ಇಳಿಯುವುದಿಲ್ಲ. "ಪ್ರಾಣಿ ನರಳಬಾರ್ದು ಮಾರಾಯ," ಎಂದು ನನಗೆ ಹೇಳುತ್ತಿದ್ದರು.

ಒಂದು ಶುಕ್ರವಾರ ಅವರು ವಾರದ ಪೂಜೆಗೆಂದು ಇಗರ್ಜಿಗೆ ಹೋಗಿದ್ದಾಗ ಗಿರಾಕಿಯೊಬ್ಬ ಬಂದ. ನಾನು ಬಿಲ್ಲು ಎಳೆಸಲಿಲ್ಲ. ಬಿಚ್ಚಿಕೊಳ್ಳುವ ಮೊನೆಯನ್ನೇ ಹೊಗಳಿ ಕೊಟ್ಟುಬಿಟ್ಟೆ.

ತಿಂಗಳಾದ ಮೇಲೆ ಅವನು ಸಿಟ್ಟಿನಿಂದ ಬಂದ. ಜಿಂಕೆ ಬಾಣದ ಸಮೇತ ಕಾಡಿಗೆ ಓಡಿತ್ತಂತೆ, ಎರಡು ದಿನ ಹುಡುಕಿದರೂ ಸಿಗಲಿಲ್ಲವಂತೆ. "ಕೊಟ್ಟದ್ದು ಯಾರು?" ಎಂದು ಮಾಲೀಕರು ಕೂಗಿದರು.

"ನಾನೇ. ನಾನು ಹೇಳಿದ್ದನ್ನೇ ಇವ ಕೊಟ್ಟದ್ದು," ಎಂದರು ಹಿರಿಯರು. ನಾನು ಡಬ್ಬಿ ಜೋಡಿಸುತ್ತಾ ನಿಂತೆ.

ಮಾಲೀಕರೂ ಗಿರಾಕಿಯೂ ಹೋದ ಮೇಲೆ ಹಿರಿಯರು ಮೆತ್ತಗೆ ಕೇಳಿದರು, "ಅವ ಬಿಲ್ಲು ಎಳೆದು ತೋರಿಸಿದ್ನಾ?"

"ಹೌದು," ಎಂದೆ. "ಕೈ ನಡುಗಲಿಲ್ಲ."

"ಹಾಗಾದ್ರೆ ನಾನು ಕಲಿಸಿದ್ದೇ ಸರಿ ಇಲ್ಲ ಮಾರಾಯ."

ಮರುದಿನ ಮೊನೆ ಕೇಳಿದವನಿಗೆ ಅವರು ಬಿಲ್ಲು ಎಳೆಯಲು ಹೇಳಲಿಲ್ಲ. ಮೊನೆಗಳ ಡಬ್ಬಿಯನ್ನು ನನ್ನ ಕಡೆ ಸರಿಸಿ, "ಇನ್ನು ನೀನೇ ನೋಡಿ ಕೊಡು ಮಾರಾಯ," ಎಂದರು.