ಬಾಗಿಲಾಚೆ ನಿಲ್ಲುತ್ತಿದ್ದ ಅಕ್ಕ

ಮೈಲೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಏನೇ ಕೇಳಿದರೂ ಕೊನೆಗೆ "ಸುಮ್ನ ಕೇಳ್ದೆರಿ" ಎಂದು ಸೆರಗಿನ ತುದಿ ತಿರುವುತ್ತಿದ್ದರು. ಅವರ ಮಗಳ ಸ್ಕ್ಯಾನಿನಲ್ಲಿ ಮಿದುಳಿನ ಪಕ್ಕ ನೀರು ತುಂಬಿದ ಚೀಲ ಕಂಡಿತ್ತು. "ಅದು ಒಡಿತದೇನ್ರಿ? ಸುಮ್ನ ಕೇಳ್ದೆರಿ."

ಮಿದುಳಿಗೆ ಬೇಕಾದ ಕೋಲೀನ್ ಎಂಬ ಪೋಷಕಾಂಶಕ್ಕೂ ಇಂಥ ಚೀಲಕ್ಕೂ ನಂಟಿರಬಹುದು, ಅದು ತತ್ತಿಯಲ್ಲಿ, ಅಂದರೆ ಕೋಳಿಮೊಟ್ಟೆಯಲ್ಲಿ, ಹೆಚ್ಚು ಎಂದು ಅವರು ಮೊಬೈಲಿನಲ್ಲಿ ಓದಿದರು. ತತ್ತಿ ಅವರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅಂದಿನಿಂದ ದಿನಾ ತತ್ತಿ ತಿನ್ನಲು ಮಗಳನ್ನು ನಮ್ಮ ಅಡುಗೆಮನೆಗೆ ಕಳಿಸಿ, ತಾವು ಬಾಗಿಲಾಚೆ ಮುಖ ತಿರುಗಿಸಿ ನಿಲ್ಲುತ್ತಿದ್ದರು.

"ತತ್ತಿಯಿಂದ ಅದು ಕರಗೂದಿಲ್ಲಂತ ಡಾಕ್ಟರ್ ಹೇಳ್ಯಾರಲ್ರಿ ಅಕ್ಕಾ" ಎಂದೆ ಒಂದು ದಿನ.

ಅವರು ಮೊದಲ ಸಲ ಒಳಗೆ ಬಂದರು. ಮಗಳ ತಟ್ಟೆಯಲ್ಲಿ ಉಳಿದ ತುಂಡನ್ನು ಬಾಯಿಗಿಟ್ಟು ಹೇಗೋ ನುಂಗಿದರು.

"ಇಕಿ ಹೊಟ್ಟ್ಯಾಗ ಇದ್ದಾಗ ನಾ ತಿಂದಿದ್ರ, ಹೀಂಗ ಆಗ್ತಿರ್ಲಿಲ್ಲೇನ್ರಿ?"

ಈ ಸಲ ಅವರು ಸುಮ್ಮನೆ ಕೇಳಿದೆ ಎನ್ನಲಿಲ್ಲ.