ಸೋಮವಾರ ಹತ್ತು ಗಂಟೆಯ ಸೈರನ್

ನರೋಡಾದಲ್ಲಿ ನಮ್ಮ ಮನೆಗೆ ಕೇಳಿಸುವಷ್ಟು ಹತ್ತಿರ ಒಂದು ಕೆಮಿಕಲ್ ಕಾರ್ಖಾನೆಯಿದೆ. ಸೋಮವಾರ ಬೆಳಗ್ಗೆ ಹತ್ತಕ್ಕೆ ಅದರ ಸೈರನ್ ಕೂಗುತ್ತದೆ. ಅಪಾಯವೇನೂ ಇರುವುದಿಲ್ಲ, ಸೈರನ್ ಸರಿಯಾಗಿದೆಯೇ ಎಂದು ನೋಡುವುದಕ್ಕೆ ಅಷ್ಟೇ. ನಮ್ಮ ಸೊಸೈಟಿಯ ಹೆಂಗಸರಿಗಂತೂ ಅದು ಗಡಿಯಾರ. ಕೂಗಿದ್ದೇ ತಡ, ಬೇಳೆಗೆ ಕುಕ್ಕರ್ ಇಡುತ್ತಾರೆ. ಧಾರವಾಡದಿಂದ ಬಂದ ಹೊಸದರಲ್ಲಿ ನಾನು ಎದೆ ಹಿಡಿದುಕೊಂಡು ಬಾಗಿಲಿಗೆ ಓಡುತ್ತಿದ್ದೆ. ಆಮೇಲೆ ನಾನೂ ಕುಕ್ಕರ್ ಇಡುವುದನ್ನು ಕಲಿತೆ.

ನನ್ನ ಯಜಮಾನರ ಕೆಲಸ ಆ ಕಾರ್ಖಾನೆಯ ಒಳಗೇ.

"ಬ್ಯಾರೆ ದಿನ ಕೂಗಿತಂದ್ರ ಕಿಟಕಿ ಹಾಕ್ಕೋಬೇಕು, ಹೊರಗ ಬರಬಾರದು, ನನಗ ಫೋನ್ ಮಾಡಬಾರದು," ಎಂದು ಅವರು ಮೊದಲೇ ಹೇಳಿಟ್ಟಿದ್ದರು.

"ಅಲ್ರೀ, ಸೋಮವಾರ ಹತ್ತಕ್ಕ ಖರೇನ ಏನರ ಆದ್ರ?"

"ಹಂಗೆಲ್ಲಾ ಆಗೂದಿಲ್ಲ ಬಿಡ ಮಾರಾಯ್ತಿ. ನಿನಗೊಂದು ಯಾವಾಗ್ಲೂ ಚಿಂತಿ."

ಬೆಳಗಿನ ಹೊತ್ತು ನಾನು ಮನೆಯಲ್ಲೇ ಸೊಸೈಟಿಯ ಕೆಲವು ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಲ್ಲಿ ಮುಂದಾಳು ಮೇಲಿನ ಮನೆಯ ಬೆನ್, ಇಲ್ಲಿಯವರ ಮಾತಿನಲ್ಲಿ ಅಕ್ಕ. ಬಾಯಿ ಜೋರು, ಮನಸ್ಸು ಬೆಣ್ಣೆ. ಮಾಡಲೇಬೇಕಾದದ್ದಕ್ಕೆ ಮಸ್ಟ್, ಮಾಡಿದರೆ ಒಳ್ಳೆಯದು ಎನ್ನುವುದಕ್ಕೆ ಶುಡ್ ಎಂದು ಕಲಿಸಿದ್ದೆ. ಗ್ಯಾಸ್ ಆರಿಸುವುದು ಮಸ್ಟ್, ಅತ್ತೆಗೆ ಫೋನ್ ಮಾಡುವುದು ಶುಡ್ ಎಂದು ಬೆನ್ ತಾನೇ ಉದಾಹರಣೆ ಕೊಟ್ಟು ಎಲ್ಲರನ್ನೂ ನಗಿಸಿದ್ದರು.

ಆ ಗುರುವಾರ ಮುಂದಿನ ಪಾಠ. ಕಣ್ಣಾರೆ ನೋಡದಿದ್ದರೂ ಖಾತ್ರಿ ಎನಿಸಿದರೆ ಮಸ್ಟ್ ಬಿ, ಇದ್ದರೂ ಇರಬಹುದು ಎನಿಸಿದರೆ ಮೈಟ್ ಬಿ, ಸಾಧ್ಯವೇ ಇಲ್ಲ ಎನಿಸಿದರೆ ಕಾಂಟ್ ಬಿ. ಬೆಲ್ ಆಯಿತು, ಬಂದದ್ದು ಯಾರು, ಹೇಳಿ ನೋಡೋಣ ಎನ್ನುತ್ತಿದ್ದೆ. ಅಷ್ಟರಲ್ಲಿ ಸೈರನ್ ಕೂಗಿತು.

ನನ್ನ ಕೈಯಲ್ಲಿದ್ದ ಚಾಕ್‌ಪೀಸ್ ಬಿತ್ತು. ಬೆನ್ ಮಾತ್ರ ಕೈಯೆತ್ತಿ, "ಟೀಚರ್ ಬೆನ್, ಇಟ್ ಮಸ್ಟ್ ಬಿ ಎ ಟೆಸ್ಟ್!" ಎಂದರು. ಆಕೆಯ ಬಾಯಿಂದ ಬಂದ ಮೊದಲ ತಪ್ಪಿಲ್ಲದ ವಾಕ್ಯ. ಉಳಿದವರು ಚಪ್ಪಾಳೆ ತಟ್ಟಿದರು.

"ಗುರುವಾರ ಎಂಥ ಟೆಸ್ಟು!" ಎಂದು ನಾನು ರೇಗಿದೆ.

"ಸೋಮವಾರ ರಜೆ ಇತ್ತಲ್ಲ, ಅದನ್ನೇ ಇವತ್ತು ಮಾಡ್ತಿದ್ದಾರೆ. ಕಂಈ ನಥೀ, ಏನೂ ಇಲ್ಲ, ಕೂತ್ಕೊಳ್ಳಿ," ಎಂದು ಬೆನ್ ನನ್ನನ್ನೇ ಸಮಾಧಾನ ಮಾಡಿದರು.

ಮಾತೇನೋ ಸರಿಯಾಗಿಯೇ ಇತ್ತು. ಆದರೂ ಎದ್ದು ಕಿಟಕಿಗಳನ್ನೆಲ್ಲ ಹಾಕಿದೆ. ಸೆಖೆ ಸೆಖೆ ಎಂದು ಬೆನ್ ಒಂದನ್ನು ತೆಗೆದರು. ನಾನು ಮತ್ತೆ ಹಾಕಿ ಚಿಲಕ ಬಿಗಿದೆ. ಸೈರನ್ ನಿಲ್ಲುತ್ತಲೇ ಇಲ್ಲ ಎನಿಸುತ್ತಿತ್ತು. ಸೋಮವಾರಗಳಲ್ಲಿ ಅದು ಎಷ್ಟು ಹೊತ್ತು ಕೂಗುತ್ತದೆ ಎಂದು ನೆನಪು ಮಾಡಿಕೊಳ್ಳಲು ಹೋದೆ, ಗೊತ್ತಾಗಲಿಲ್ಲ. ಅಷ್ಟು ದಿನ ಕೇಳಿದ್ದರೂ ಒಂದು ದಿನವೂ ಕಿವಿಗೊಟ್ಟಿರಲಿಲ್ಲವಲ್ಲ! ಕೊನೆಗೆ ನಿಂತಿತು. ಪಾಠ ಅಲ್ಲಿಗೇ ಮುಗಿಯಿತು. ಎಲ್ಲರೂ ನಗುತ್ತ ಎದ್ದು ಹೋದರು.

ಸಂಜೆಯವರೆಗೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಮಾಡಬಾರದು ಎಂದಿದ್ದರು, ಮಾಡಲಿಲ್ಲ. ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಕೇಳಿದಾಗಲೇ ಜೀವ ಬಂದದ್ದು.

"ಯಾಕ್ರೀ ಕೂಗಿತು ಇವತ್ತ?"

"ಒಂದು ಪೈಪ್ ಸೋರಿತ್ತು. ಪುಣ್ಯಾಕ್ಕ ಗಾಳಿ ಆ ಕಡೆ ಇತ್ತು. ಏನೂ ಆಗಲಿಲ್ಲ."

"ಮತ್ತ ನೀವೆಲ್ಲಾ ಎತ್ತಾಗ ಓಡಿದ್ರಿ?"

ಅವರು ಮುಖ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸಿ, ಟವೆಲ್ ಹಿಡಿದುಕೊಂಡೇ ಹೇಳಿದರು.

"ಓಡಲಿಲ್ಲ. ಸೋಮವಾರ ಸೂಟಿ ಇತ್ತಲ್ಲ, ಟೆಸ್ಟ್ ಇರಬೇಕು ಅಂದ್ಕೊಂಡ್ವಿ. ಚಾ ಕುಡಕೋತ ಕುಂತಿದ್ವಿ."

"ಒಬ್ಬರೂ ಏಳಲಿಲ್ಲೇನ್ರೀ?"

"ಇಲ್ಲ."

"ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಕೂಗಾಡಿದೆ. ಹೊರಗಿರುವ ನಾವು ತಿಳಿಯದೆ ಕೂತರೆ ಅದೊಂದು ಮಾತು. ಒಳಗಿರುವವರು ತಿಳಿದಿರುತ್ತಾರೆ ಎಂಬ ಧೈರ್ಯದ ಮೇಲಲ್ಲವೇ ನಾನು ಇಷ್ಟು ದಿನ ಅನ್ನ ಬೇಯಿಸಿದ್ದು! ಇನ್ನು ಮೇಲೆ ಸೈರನ್ ಕೂಗಿದರೆ ಏಳುತ್ತೇನೆ ಎಂದು ಮಾತು ಕೊಡಿ ಎಂದೆ. ಆಯಿತು ಎಂದರು. ಮಾತು ತಪ್ಪುವ ಮನುಷ್ಯನಲ್ಲ. ಆದರೆ ಏಳುತ್ತಾರೆಂದು ನನಗೆ ಅನಿಸಲಿಲ್ಲ.

ಮುಂದಿನ ಸೋಮವಾರ ಅವರದು ಬೆಳಗಿನ ಪಾಳಿ. ಹತ್ತು ಗಂಟೆಗೆ ಸೈರನ್ ಕೂಗಿತು. ಮೇಲಿನ ಮನೆಯಲ್ಲಿ ಬೆನ್ ಕುಕ್ಕರ್ ಇಟ್ಟ ಸದ್ದು ಕೇಳಿಸಿತು. ನಾನು ಕಿಟಕಿಗಳನ್ನೆಲ್ಲ ಹಾಕಿ ಅಡುಗೆಮನೆಯಲ್ಲಿ ನಿಂತೆ. ಇದು ಟೆಸ್ಟೋ, ಖರೆಯೋ, ಇಲ್ಲಿಂದ ನನಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಒಳಗೆ ಯಾರೂ ಚಹಾದ ಲೋಟ ಕೆಳಗಿಟ್ಟಿರುವುದಿಲ್ಲ. ಅದೊಂದು ಮಾತ್ರ ನನಗೆ ಖಾತ್ರಿಯಾಗಿ ಗೊತ್ತಿತ್ತು.