ಹಳಿಯಿಲ್ಲದ ದಾರಿಯಲ್ಲಿ ಹಾಲಪ್ಪ

ಮೂವತ್ನಾಲ್ಕು ವರ್ಷ ರೈಲು ಓಡಿಸಿ ಒಮ್ಮೆಯೂ ಹಳಿ ತಪ್ಪದ ಹುಬ್ಬಳ್ಳಿಯ ಹಾಲಪ್ಪನವರು, ಮಗಳಿರುವ ಡಚ್ಚರ ದೇಶದಲ್ಲಿ, ಹಳಿಗಳನ್ನೇ ಕಿತ್ತುಹಾಕಿ ಸೈಕಲ್ಲಿಗೆ ಬಿಟ್ಟಿದ್ದ ರೈಲುದಾರಿಯಲ್ಲಿ, ಏಪ್ರಿಲ್ ತಿಂಗಳ ಒಂದು ಸೋಮವಾರ ಸೈಕಲ್ ಸಮೇತ ತುರಚಿ ಗಿಡದ ಪೊದೆಗೆ ಬಿದ್ದರು.

ತಪ್ಪು ಕಾಲಿನದು. ನಮ್ಮ ಕಡೆ ಸೈಕಲ್ ಕಲಿತವರು, ವೇಗ ಬಂದ ಮೇಲೆ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸುತ್ತಾರೆ. ಟಿಕಟಿಕ ಸದ್ದಿಗೆ ಮನಸ್ಸು ಹಾಯ್ ಅನ್ನುತ್ತದೆ. ಮಗಳು ಕೊಡಿಸಿದ ಡಚ್ ಸೈಕಲ್ಲಿಗೆ ಬ್ರೇಕ್ ಇದ್ದದ್ದೇ ಪೆಡಲನ್ನು ಹಾಗೆ ಹಿಂದಕ್ಕೆ ತಿರುಗಿಸುವುದರಲ್ಲಿ. ರೈಲ್ವೆ ಕೊಟ್ಟದ್ದು ಬೀಳ್ಕೊಡುಗೆ. ಇದು ಕೊಟ್ಟದ್ದು ಬರೀ ಬೀಳುವ ಕೊಡುಗೆ.

ನಾಯಿ ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬಳು ಓಡಿಬಂದು ಡಚ್ಚಿನಲ್ಲಿ ಏನೋ ವಿಚಾರಿಸಿದಳು.

"ಏನಿಲ್ರಿ ಬಾಯಾರ, ಲೈನ್ ಕ್ಲಿಯರ್ ಐತಿ, ನೀವು ಹೋಗ್ರಿ," ಎಂದರು ಹಾಲಪ್ಪ, ಪೊದೆಯೊಳಗಿನಿಂದಲೇ.

ಮಗಳು ಸಿಂಧೂರ ವಾಗೆನಿಂಗನ್ನಿನಲ್ಲಿ ಮಣ್ಣಿನ ಸಂಶೋಧನೆ ಮಾಡುವವಳು. ಆ ದಿನದ ಮೊದಲ ಸ್ಯಾಂಪಲ್ಲನ್ನು ಅಪ್ಪನ ಪ್ಯಾಂಟಿನಿಂದ ಕೊಡವಿದಳು.

"ಸಾಕ್ರಿ ಅಪ್ಪಾ. ಶುಕ್ರವಾರ ನನ್ನ ಲ್ಯಾಬಿಗೆ ಬಸ್ಸಿನಾಗ ಹೋಗೂಣು."

"ಬಸ್ಸಿನಾಗ ಹೋದ್ರ ನಿನ್ನ ಜೋಡಿ ಹೋದಂಗ ಆಗಂಗಿಲ್ಲವ್ವಾ. ಮಂದಿ ಜೋಡಿ ಹೋದಂಗ ಆಕ್ಕೈತಿ."

ಅವಳಿಗೆ ಬೇಕಾಗಿದ್ದದ್ದೂ ಅದೇ. ಶಾಲೆಯ ಗ್ಯಾದರಿಂಗಿಗೆ, ಹುಟ್ಟುಹಬ್ಬಕ್ಕೆ, ಪಿಯುಸಿ ಫಲಿತಾಂಶಕ್ಕೆ, ಅಪ್ಪ ಯಾವಾಗಲೂ ಹೊಸಪೇಟೆಯಲ್ಲಿ ಡ್ರೈವರುಗಳು ತಂಗುವ ರನ್ನಿಂಗ್ ರೂಮಿನಲ್ಲಿ ಮಲಗಿರುತ್ತಿದ್ದರು. ಅವಳ ಮನೆಯಿಂದ ಲ್ಯಾಬಿಗೆ ಏಳು ಕಿಲೋಮೀಟರ್. ಶನಿವಾರ ಅಪ್ಪನ ವಿಮಾನ. ಅದರೊಳಗೆ ಒಂದೇ ಒಂದು ಸಲ, ಪಕ್ಕಪಕ್ಕದಲ್ಲಿ, ಆ ಏಳು ಕಿಲೋಮೀಟರ್.

ಮಂಗಳವಾರವೂ ಕಾಲು ಹಿಂದಕ್ಕೇ ಹೋಯಿತು. ಬುಧವಾರ ಚಹಾ ಕುಡಿಯುತ್ತ ಹಾಲಪ್ಪ ತಟ್ಟನೆ ಲೋಟ ಕೆಳಗಿಟ್ಟರು. ಎಂಜಿನ್ನಿನಲ್ಲಿ ಇಬ್ಬರಿರುತ್ತಾರೆ. ಸಿಗ್ನಲ್ ಕಂಡ ಕೂಡಲೇ ಒಬ್ಬ ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬ ಅದನ್ನೇ ತಿರುಗಿ ಹೇಳಬೇಕು. ಕಣ್ಣು ತೂಕಡಿಸಿದರೂ ಬಾಯಿ ಎಚ್ಚರವಿರಲಿ ಎಂದು ಮಾಡಿದ ಪದ್ಧತಿ ಅದು.

"ಶುಕ್ರವಾರ ನೀನs ನನ್ನ ಅಸಿಸ್ಟಂಟ್. ನಾ ಒದರಿದ್ದು ನೀ ತಿರುಗಿ ಒದರಬೇಕು."

"ಮಂದಿ ನೋಡ್ತಾರ್ರಿ ಅಪ್ಪಾ!"

"ನೋಡ್ಲಿ. ನೋಡಾಕ ಟಿಕೀಟ್ ತಗೊಂಡಾರೇನ್?"

ಶುಕ್ರವಾರ ಎಂಟಕ್ಕೆ ಗಾಡಿ ಹೊರಟಿತು.

"ಕಾಲು ಮುಂದ!"

"ಕಾಲು ಮುಂದ!" ಸಿಂಧೂರಳ ದನಿ ಮೊದಲು ನಾಚಿಕೊಂಡೇ ಬಂತು.

"ರಸ್ತಾ ಖಾಲಿ!"

"ರಸ್ತಾ ಖಾಲಿ!"

"ಎದುರಿಗೆ ಬಾತುಕೋಳಿ, ಕಾಶನ್!"

"ಕಾಶನ್!"

ರೇಸಿನ ಸೈಕಲ್ಲಿನವರಿಬ್ಬರು ಬೆದರಿ ಪಕ್ಕಕ್ಕೆ ಸರಿದರು. ಬಾತುಕೋಳಿ ಮಾತ್ರ ತನ್ನ ಪಾಡಿಗೆ ತಾನು ದಾಟಿತು. ಒಂದು ಕಾಲದಲ್ಲಿ ಮೊಟ್ಟೆ, ಬೀಟ್‌ರೂಟು ಹೊತ್ತು ದೊಡ್ಡ ಸ್ಟೇಷನ್ನಿಗೆ ಹೋಗುತ್ತಿದ್ದ ಗಿಡ್ಡ ರೈಲಿನ ದಾರಿ ಅದು. ಹಳೆಯ ನಿಲ್ದಾಣದಲ್ಲಿ ಈಗ ದೋಸೆಯ ದೂರದ ನೆಂಟನಾದ ಪ್ಯಾನ್‌ಕೇಕ್ ಮಾರುತ್ತಾರೆ.

"ಏರು ಗೊತ್ತಾಗಂಗಿಲ್ಲ ನೋಡು, ತಿರುವು ಎಷ್ಟು ಮೆತ್ತಗ ಐತಿ," ಎಂದರು ಹಾಲಪ್ಪ. "ಹಳಿ ತಗದ್ರೂ ರೈಲಿನ ಗುಣ ಬಿಟ್ಟಿಲ್ಲ. ನಮ್ಮಲ್ಲಿ ಆಗಿದ್ರ ಲೇಔಟ್ ಮಾಡಿ ಸೈಟ್ ಹಂಚಿಬಿಡ್ತಿದ್ರು."

ಚಿಕ್ಕವಳಿದ್ದಾಗ ಸಿಂಧೂರ ಎಂಜಿನ್ ಹತ್ತುತ್ತೇನೆಂದು ಪ್ಲಾಟ್‌ಫಾರ್ಮಿನಲ್ಲಿ ಹೊರಳಾಡಿ ಅತ್ತಿದ್ದಳು. ರೂಲ್ಸ್ ಇಲ್ಲ ಎಂದಿದ್ದರು ಅಪ್ಪ. ಮೂವತ್ತೊಂದನೆಯ ವಯಸ್ಸಿಗೆ ಅಂತೂ ಅಪ್ಪನ ಅಸಿಸ್ಟಂಟ್ ನೌಕರಿ ಸಿಕ್ಕಿತು. ನಾಲ್ಕನೆಯ ಕಿಲೋಮೀಟರಿನ ಹೊತ್ತಿಗೆ ಅವಳು ಅಪ್ಪನಿಗಿಂತ ಜೋರಾಗಿ ಒದರುತ್ತಿದ್ದಳು.

ಒಮ್ಮೆಯೂ ಬೀಳದೆ ಲ್ಯಾಬಿನ ಗೇಟು ಮುಟ್ಟಿದರು. ಹಾಲಪ್ಪ ಇಳಿದು ಗಡಿಯಾರ ನೋಡಿ, "ಮೂವತ್ತೆಂಟು ನಿಮಿಷ," ಎಂದು ಡ್ಯೂಟಿ ಮುಗಿಸಿದರು. ಇಷ್ಟು ವರ್ಷ ಯಾರನ್ನೂ ಕೇಳದ್ದನ್ನು ಈಗ ಕೇಳಿಬಿಡಬೇಕು ಎಂದು ಸಿಂಧೂರಳಿಗೆ ಅನಿಸಿತು.

"ಅಪ್ಪಾ, ನಿಮ್ಮ ಗಾಡಿ ನಮ್ಮ ಸಾಲಿ ಹಿಂದ ಹಾಯೂಮುಂದ ಉದ್ದಕ ಹಾರ್ನ್ ಹೊಡೀತಿದ್ರಿ. ನಾ ಕಿಡಕ್ಯಾಗ ನಿಂತು ಕೈ ಬೀಸ್ತಿದ್ದೆ. ನಮ್ಮಪ್ಪ ನನ್ನ ಕರೀತಾನ ಅಂತ ಎಲ್ಲಾರಿಗೂ ಹೇಳ್ತಿದ್ದೆ. ಅದು ನನಗs ಹೊಡೀತಿದ್ರಿ, ಹೌದಲ್ರಿ?"

ಹಾಲಪ್ಪ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಅಲ್ಲೆ ರೈಲ್ವೆ ಗೇಟಿನ ಮುಂದ ಹಾರ್ನ್ ಹೊಡೀಬೇಕು ಅನ್ನೂ ವಿಸಲ್ ಬೋರ್ಡ್ ಇತ್ತವ್ವಾ," ಎಂದರು. "ಹೊಡೀಲಿಲ್ಲ ಅಂದ್ರ ಚಾರ್ಜ್‌ಶೀಟ್ ಕೊಡ್ತಿದ್ರು."